ಹಬ್ಬದ ಸಾಲು ಬಂತೆಂದರೆ ಖುಷಿಗಿಂತ ಭಯವೇ ಜಾಸ್ತಿ ಆಗುತ್ತದೆ. ಏನು ಮಾಡಲಿ?

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಮದುವೆಯಾಗಿ ಮೂರು ವರ್ಷ, ಬೆಂಗಳೂರಿನಲ್ಲಿ ಕೆಲಸ, ಮನೆಯಲ್ಲಿ ಅತ್ತೆ ಮಾವ. ಶ್ರಾವಣ ಹತ್ತಿರ ಬಂದರೆ ನಿದ್ದೆ ಹೋಗುತ್ತದೆ ಎಂದಿದ್ದೀರಿ. "ಹಬ್ಬ ಬೇಡ ಅನ್ನಿಸುವುದು ತಪ್ಪಾ?" ಎಂದೂ ಕೇಳಿದ್ದೀರಿ. ತಪ್ಪಲ್ಲ. ನನಗೂ ಮದುವೆಯಾದ ಮೇಲೆ ಹನ್ನೆರಡು ವರ್ಷ ಹಾಗೇ ಅನ್ನಿಸುತ್ತಿತ್ತು.

2025ರ ಲೆಕ್ಕವನ್ನೇ ನೋಡಿ. ವರಮಹಾಲಕ್ಷ್ಮಿ ಆಗಸ್ಟ್ 8ಕ್ಕೆ ಬಂತು, ಬಲಿಪಾಡ್ಯಮಿ ಅಕ್ಟೋಬರ್ 22ಕ್ಕೆ. ಒಟ್ಟು 75 ದಿನ. ಅಷ್ಟರೊಳಗೆ ಕೃಷ್ಣಾಷ್ಟಮಿ, ಗೌರಿ, ಗಣೇಶ, ಪಿತೃಪಕ್ಷ, ನವರಾತ್ರಿ, ಆಯುಧಪೂಜೆ, ದೀಪಾವಳಿ ಎಲ್ಲ ಬಂದು ಹೋದವು. ನಾಲ್ಕೈದು ಹೆಂಗಸರು ಒಟ್ಟಿಗೆ ಕೈಹಾಕುತ್ತಿದ್ದ ತುಂಬಿದ ಮನೆಯ ಹಬ್ಬಗಳಿವು. ಈಗ ಆಫೀಸಿಂದ ಏಳು ಗಂಟೆಗೆ ಬರುವ ಒಬ್ಬಳು ಅಷ್ಟನ್ನೂ ಮಾಡಬೇಕು ಅಂದರೆ ಎದೆ ಹೊಡೆದುಕೊಳ್ಳದೆ ಇರುತ್ತದಾ?

ನನಗೆ ಬುದ್ಧಿ ಕಲಿಸಿದ್ದು ಹಬ್ಬವೇ ಇಲ್ಲದ ಒಂದು ವರ್ಷ. ನಮ್ಮ ಮಾವ ತೀರಿಕೊಂಡರು. ವರ್ಷದ ತಿಥಿ ಆಗುವವರೆಗೆ ಮನೆಯಲ್ಲಿ ಹಬ್ಬ ಮಾಡುವ ಹಾಗಿರಲಿಲ್ಲ. ದುಃಖದ ನಡುವೆಯೂ ಮನಸ್ಸಿನ ಒಂದು ಮೂಲೆಯಲ್ಲಿ ನಿರಾಳ ಇತ್ತು. ವರಮಹಾಲಕ್ಷ್ಮಿಯ ಶುಕ್ರವಾರ ಆಫೀಸಿಗೆ ಹೋಗಿ ಬಂದೆ. ಏನೂ ಅನ್ನಿಸಲಿಲ್ಲ.

ಆದರೆ ಗೌರಿ ಹಬ್ಬದ ದಿನ ಸಂಜೆ ಮೆಟ್ಟಿಲು ಹತ್ತುತ್ತಿದ್ದೆ. ಎದುರು ಮನೆಯ ಬಾಗಿಲಿಗೆ ಮಾವಿನ ತೋರಣ, ಒಳಗಿನಿಂದ ಒಬ್ಬಟ್ಟು ಬೇಯುವ ವಾಸನೆ. ಅಲ್ಲೇ ನಿಂತುಬಿಟ್ಟೆ. ಅತ್ತೆ ಮಧ್ಯಾಹ್ನದ ಹೊತ್ತು ಹತ್ತಿ ಹಿಡಿದು ಗೆಜ್ಜೆವಸ್ತ್ರ ಮಾಡುತ್ತಿದ್ದದ್ದು ನೆನಪಾಯಿತು. ಮಗಳು ಅದಕ್ಕೆ ಕುಂಕುಮದ ಚುಕ್ಕೆ ಇಡುತ್ತಿದ್ದದ್ದು, ಮೊರದ ಬಾಗಿನಕ್ಕೆ ಬಳೆ ಬಿಚ್ಚೋಲೆ ಜೋಡಿಸುವುದು, ಹದಿನಾರು ಗಂಟಿನ ದಾರ ಕೈಗೆ ಕಟ್ಟಿಸಿಕೊಳ್ಳುವುದು, ಇವೇ ನೆನಪಾದವು. ಬಾಡಿಗೆಗೆ ತರುತ್ತಿದ್ದ ಅಲಂಕಾರದ ಪರದೆ ನೆನಪಾಗಲಿಲ್ಲ. ನಾಲ್ಕು ಬಗೆ ಸಿಹಿಯೂ ಇಲ್ಲ, ಬಂದವರಿಗೆ ಕೊಡಲು ಊರೆಲ್ಲಾ ಅಲೆದು ತರುತ್ತಿದ್ದ ಡಬ್ಬಿಗಳೂ ಇಲ್ಲ. ಯಾವುದಕ್ಕಾಗಿ ರಾತ್ರಿ ಎರಡರವರೆಗೆ ಎದ್ದಿರುತ್ತಿದ್ದೆನೋ ಅದರಲ್ಲಿ ಒಂದೂ ನನಗೆ ಬೇಕಾಗಿರಲಿಲ್ಲ.

ವರ್ಷ ಕಳೆಯಿತು. ಮುಂದಿನ ಆಷಾಢದಲ್ಲಿ ಒಂದು ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೇಳಿದೆ: "ಯಾವುದು ಇಲ್ಲದಿದ್ದರೆ ನಿಮಗೆ ಹಬ್ಬ ಅನ್ನಿಸುವುದೇ ಇಲ್ಲ? ಒಂದೇ ಒಂದು ಹೇಳಿ." ಮಗನಿಗೆ ಮಣ್ಣಿನ ಗಣೇಶನನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ತರುವುದು. ಮಗಳಿಗೆ ಅಜ್ಜಿಯ ಜೊತೆ ಗೆಜ್ಜೆವಸ್ತ್ರ. ನಮ್ಮ ಮನೆಯವರಿಗೆ ನೆಲದ ಮೇಲೆ ಸಾಲಾಗಿ ಕೂತು ಬಾಳೆಲೆ ಊಟ. ಅತ್ತೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ದೀಪಾವಳಿಗೆ ನೀರು ತುಂಬೋದು" ಎಂದರು. ನಾನು ಸೊಂಟ ಮುರಿದುಕೊಂಡು ಮಾಡುತ್ತಿದ್ದ ಹೋಳಿಗೆ, ಆಂಬೊಡೆ, ಎರಡು ಪಲ್ಯವನ್ನು ಯಾರೂ ಹೇಳಲಿಲ್ಲ. ಎಲೆಗೆ ಬಡಿಸಿದರೆ ಅವರು ಖುಷಿಯಿಂದಲೇ ತಿನ್ನುತ್ತಾರೆ. ಇಲ್ಲದಿದ್ದರೆ ಹಬ್ಬ ನಿಲ್ಲುವುದಿಲ್ಲ, ಅಷ್ಟೇ.

ನಿಮಗೆ ನಾನು ಹೇಳುವುದು ಇದನ್ನೇ: ಮನೆಯಲ್ಲಿ ಈ ಪ್ರಶ್ನೆ ಕೇಳಿ. "ಈ ಸಲ ಕಡಿಮೆ ಮಾಡೋಣ್ವಾ?" ಎಂದು ಶುರು ಮಾಡಬೇಡಿ. ಹಿರಿಯರಿಗೆ ಅದು ತಮ್ಮನ್ನೇ ಬೇಡ ಅಂದ ಹಾಗೆ ಕೇಳಿಸುತ್ತದೆ. ಯಾವುದು ಬೇಕು ಅಂತ ಕೇಳಿದರೆ ಅವರೇ ತಮ್ಮ ಚಿಕ್ಕಂದಿನ ಹಬ್ಬ ಹೇಳತೊಡಗುತ್ತಾರೆ. ಬೇಡವಾದದ್ದು ತಾನಾಗಿ ಹಿಂದೆ ಸರಿಯುತ್ತದೆ.

ಈಗ ನಮ್ಮಲ್ಲಿ ದೊಡ್ಡದಾಗಿ ಮಾಡುವುದು ಗೌರಿ ಗಣೇಶ ಮಾತ್ರ. ವರಮಹಾಲಕ್ಷ್ಮಿಗೆ ಕಲಶ, ಒಂದು ಕೋಸಂಬರಿ, ಪಾಯಸ. ದಸರಾಕ್ಕೆ ಪಟ್ಟದ ಗೊಂಬೆ ಇಟ್ಟು ಮೂರೇ ಮೆಟ್ಟಿಲು. ದೀಪಾವಳಿಗೆ ನೀರು ತುಂಬುವುದು ತಪ್ಪಿಲ್ಲ. ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿಂದ ಬರಬೇಕು? ಅತ್ತೆ ತಾಮ್ರದ ಬಿಂದಿಗೆಯನ್ನೇ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಕೊರಳಿಗೆ ಹೂ ಸುತ್ತಿ, ನೀರು ತುಂಬಿ ಇಡುತ್ತಾರೆ.

ಇನ್ನೊಂದು ಮುಖ್ಯವಾದ ಮಾತಿದೆ. ಹಬ್ಬದಲ್ಲಿ ಸುಸ್ತು ಮಾಡುವುದು ಕೆಲಸಕ್ಕಿಂತ ನೆನಪಿಟ್ಟುಕೊಳ್ಳುವುದು. ಅಡಿಕೆ ಮುಗಿದಿದೆ, ಕರ್ಪೂರ ತರಬೇಕು, ವೀಳ್ಯದೆಲೆ ಸಾಲದು. ಇದೆಲ್ಲ ಒಬ್ಬರ ತಲೆಯಲ್ಲೇ ಓಡುತ್ತಿರುತ್ತದೆ. ನಮ್ಮ ಮನೆಯವರು "ಏನು ತರಬೇಕು ಹೇಳು, ತರ್ತೀನಿ" ಎನ್ನುತ್ತಿದ್ದರು. ಅವರ ಮಟ್ಟಿಗೆ ಅದು ಪ್ರೀತಿಯೇ. ಆದರೆ ಹೇಳುವ ಭಾರ ನನ್ನ ಮೇಲೇ ಉಳಿಯುತ್ತಿತ್ತು. ಹಾಗಾಗಿ ಹೂವು, ಬಾಳೆಕಂಬ, ಎಲೆ, ಮಾವಿನ ಸೊಪ್ಪು ಪೂರ್ತಿ ಅವರಿಗೆ ಬಿಟ್ಟೆ. ಎಷ್ಟು ಬೇಕು ಅಂತ ಯೋಚಿಸುವುದರಿಂದ ಹಿಡಿದು ಬಾಡಿದ ಮೇಲೆ ತೆಗೆಯುವುದರ ತನಕ. ಮೊದಲ ವರ್ಷ ಬರೀ ಚೆಂಡು ಹೂವು ತಂದರು, ತುಳಸಿ ಮರೆತರು. ನಾನು ಮಾತಾಡಲಿಲ್ಲ. ಆಗ ಒಂದು ಮಾತು ಆಡಿದ್ದರೆ ಆ ಕೆಲಸ ವಾಪಸ್ ನನ್ನ ಕೈಗೇ ಬರುತ್ತಿತ್ತು. ಈಗ ಅವರು ಬೆಳಗ್ಗೆ ಐದಕ್ಕೇ ಕೆ.ಆರ್. ಮಾರ್ಕೆಟ್‌ಗೆ ಹೊರಡುತ್ತಾರೆ. ಕನಕಾಂಬರ ಯಾವಾಗ ಕೊಳ್ಳಬೇಕು, ಸೇವಂತಿಗೆ ಎಷ್ಟು ದಿನ ತಡೆಯುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲರು.

ಚಿಕ್ಕಪುಟ್ಟ ಉಪಾಯಗಳನ್ನೂ ಹೇಳಿಬಿಡುತ್ತೇನೆ. ಕೆಡದ ಸಾಮಾನು, ಅಂದರೆ ಅರಿಶಿನ, ಕುಂಕುಮ, ಬತ್ತಿ, ಅಡಿಕೆ, ರವಿಕೆ ಕಣ, ಎಲ್ಲ ಆಷಾಢದಲ್ಲೇ ತಂದಿಡಿ. ಬಟ್ಟೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿಯೂ ಇರುತ್ತದೆ. ಹೂರಣ ಹಿಂದಿನ ದಿನವೇ ರುಬ್ಬಿ ಫ್ರಿಜ್‌ನಲ್ಲಿಟ್ಟರೆ ಏನೂ ಆಗುವುದಿಲ್ಲ. ಕೊಂಡು ತಂದ ಒಬ್ಬಟ್ಟೂ ದೇವರಿಗೆ ನಡೆಯುತ್ತದೆ, ನನಗೆ ಅದರಲ್ಲಿ ಅನುಮಾನವೇ ಇಲ್ಲ. ರಜೆ ಹಾಕುವುದಾದರೆ ಹಬ್ಬದ ಮಾರನೆಯ ದಿನ ಹಾಕಿ. ಪಾತ್ರೆ ನಿಧಾನಕ್ಕೆ ತೊಳೆಯಬಹುದು. ಒಬ್ಬಟ್ಟಿನ ಸಾರು ರುಚಿಯಾಗುವುದೂ ಎರಡನೇ ದಿನವೇ ಅಲ್ವಾ? ಬಿಸಿ ಅನ್ನಕ್ಕೆ ಅದನ್ನು ಹಾಕಿಕೊಂಡು, ಯಾರ ಅವಸರವೂ ಇಲ್ಲದೆ ಊಟ ಮಾಡುವ ಸುಖವೇ ಬೇರೆ.

ನಿದ್ದೆ ಹೋಗುತ್ತದೆ ಎಂದು ಬರೆದಿದ್ದೀರಿ. ಹಬ್ಬ ಮುಗಿದ ಮೇಲೂ ಹಾಗೇ ಇದ್ದರೆ ದಯವಿಟ್ಟು ಸುಮ್ನೆ ಸಹಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಇನ್ನೂ ಯಾರಿಗೆ ಹಬ್ಬ ಕಷ್ಟವಾಗುತ್ತಿದೆ ಎಂದೂ ಒಮ್ಮೆ ನೋಡಿ. ನಾನು ಅದನ್ನು ತಡವಾಗಿ ನೋಡಿದೆ. ಮಾವ ಹೋದ ಮೇಲೆ ಮಾಡಿದ ಮೊದಲ ಗೌರಿ ಹಬ್ಬ. ಸಂಜೆ ಅರಿಶಿನ ಕುಂಕುಮಕ್ಕೆ ಜನ ಬರುವ ಹೊತ್ತಿಗೆ ಅತ್ತೆ ಎದ್ದು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹಿಂದೆಯೇ ಹೋದೆ. "ನಾನ್ಯಾಕಮ್ಮ ಅಲ್ಲಿ? ನೀನು ಹೋಗು, ಬಂದವರು ಕಾಯ್ತಾರೆ" ಎಂದರು. ಮೂವತ್ತೈದು ವರ್ಷ ಊರವರಿಗೆಲ್ಲ ಬಾಗಿನ ಕೊಟ್ಟವರು ಅವರು. ನನಗೆ ಮಾತೇ ಹೊರಡಲಿಲ್ಲ, ಪಕ್ಕದಲ್ಲಿ ಕೂತೆ.

ಅಷ್ಟರಲ್ಲಿ ಮಗಳು ಬಂದಳು. "ಅಜ್ಜಿ, ಗೆಜ್ಜೆವಸ್ತ್ರ ಯಾರು ಮಾಡಿದ್ದು ಅಂತ ಎಲ್ಲರೂ ಕೇಳ್ತಿದ್ದಾರೆ. ಬಾ, ತೋರಿಸು" ಎಂದು ಕೈ ಹಿಡಿದು ಎಬ್ಬಿಸಿದಳು. ಅತ್ತೆ ಹತ್ತಿಯ ಡಬ್ಬಿ ತಗೊಂಡು ಬಂದು ಮಂಟಪದ ಪಕ್ಕ ಕೂತರು. ಬಂದವರು ಸುತ್ತ ಕೂತು ಕಲಿತರು. ನಾನು ಒಂದು ಮೊಳ ಮಲ್ಲಿಗೆ ಅವರ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದರು. ಆಮೇಲೆ ಮುಡಿದುಕೊಂಡರು.

ಈಗ ಆಷಾಢ ಬಂದರೆ ನಮ್ಮ ಮಹಡಿಯ ಇಬ್ಬರು ಹುಡುಗಿಯರು ಭಾನುವಾರ ಮಧ್ಯಾಹ್ನ ಅತ್ತೆಯ ಹತ್ತಿರ ಹತ್ತಿ ಹಿಡಿದು ಕೂರುತ್ತಾರೆ. ಈ ಸಲದ ಗೆಜ್ಜೆವಸ್ತ್ರ ಆಗಲೇ ಒಂದು ಡಬ್ಬಿ ತುಂಬಿದೆ.