ಆಪ್ತಸಲಹೆ ಪ್ರಕರಣ: ಡಬ್ಬದಲ್ಲೇ ಉಳಿದಿದ್ದ ಮಾತ್ರೆಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ರಾಯಚೂರು ಭಾಗದ ಹಳ್ಳಿಯೊಂದರ 22 ವರ್ಷದ ಈಕೆ ಎರಡನೆಯ ಬಾರಿ ಗರ್ಭಿಣಿ. ಮೊದಲ ಮಗುವಿಗೆ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಐದನೆಯ ತಿಂಗಳ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 8.2 ಗ್ರಾಂ ಇದ್ದುದರಿಂದ ವೈದ್ಯರು ಆಪ್ತಸಲಹೆಗೆ ಕಳುಹಿಸಿದರು. ಗರ್ಭಿಣಿಯರಲ್ಲಿ ಇದು 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಇಷ್ಟು ಸಾಮಾನ್ಯವಾದುದರಿಂದಲೇ ಏನೋ, ಬಸುರಿಗೆ ಸುಸ್ತು ಇದ್ದದ್ದೇ ಎಂದು ಈಕೆಯ ಮನೆಯವರೂ ಸುಮ್ಮನಿದ್ದರು.

ಕಬ್ಬಿಣಾಂಶದ ಮಾತ್ರೆ ಕೊಟ್ಟ ದಾಖಲೆ ತಾಯಿ ಕಾರ್ಡಿನಲ್ಲಿ ಸರಿಯಾಗಿಯೇ ಇತ್ತು. ನುಂಗುತ್ತಿದ್ದೀಯಾ ಎಂದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಏನೇನು ಕೆಲಸ, ಏನೇನು ಊಟ ಎಂದು ವಿಚಾರಿಸಿದೆ. ಆಗ ತಿಳಿದದ್ದಿಷ್ಟು: ಖಾಲಿ ಹೊಟ್ಟೆಯಲ್ಲಿ ಚಹಾದೊಂದಿಗೆ ಮಾತ್ರೆ ನುಂಗಿ ವಾಂತಿಯಾಗಿತ್ತು, ಮಲ ಕಪ್ಪಾದುದನ್ನು ಕಂಡು ಹೆದರಿದ್ದಳು, ಮಾತ್ರೆಯಿಂದ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೇಳಿದ್ದರು. ಹಾಗಾಗಿ ಮಾತ್ರೆಗಳೆಲ್ಲ ಡಬ್ಬ ಸೇರಿದ್ದವು. ಮನೆಮಂದಿಯೆಲ್ಲ ಉಂಡ ಮೇಲೆ ಪಾತ್ರೆಯಲ್ಲಿ ಮಿಕ್ಕಿದ್ದೇ ಇವಳ ಊಟ. ಮಾತಿನ ಕೊನೆಯಲ್ಲಿ, ಗೋಡೆಯ ಮಣ್ಣು ತಿನ್ನಬೇಕೆನಿಸುತ್ತದೆ ಎಂದು ನಾಚುತ್ತಾ ಹೇಳಿದಳು. ಮನೆಯವರು ಅದನ್ನು ಬಯಕೆಯೆಂದು ನಕ್ಕಿದ್ದರು. ಕಬ್ಬಿಣಾಂಶದ ಕೊರತೆಯಲ್ಲಿ ಕಂಡುಬರುವ ಲಕ್ಷಣವದು.

ವೈದ್ಯರು ದಿನಕ್ಕೆ ಎರಡು ಮಾತ್ರೆ ಹಾಗೂ ಜಂತುಹುಳುವಿನ ಔಷಧಿ ಬರೆದಿದ್ದರು. ಮಾತ್ರೆಯನ್ನು ಊಟವಾದ ಸ್ವಲ್ಪ ಹೊತ್ತಿನ ನಂತರ, ಸಾಧ್ಯವಾದರೆ ನಿಂಬೆರಸದ ನೀರಿನೊಂದಿಗೆ ತೆಗೆದುಕೊಳ್ಳಬೇಕು, ಅದರ ಆಸುಪಾಸಿನಲ್ಲಿ ಚಹಾ ಕುಡಿಯಬಾರದು, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಬೇಕು ಎಂದು ವಿವರಿಸಿದೆ. ಮಲ ಕಪ್ಪಾಗುವುದು ಕಬ್ಬಿಣಾಂಶದಿಂದ, ಅದರಿಂದ ತೊಂದರೆಯಿಲ್ಲ ಎಂದ ಮೇಲೆ ಅವಳ ಮುಖ ಸ್ವಲ್ಪ ತಿಳಿಯಾಯಿತು. ನುಗ್ಗೆಸೊಪ್ಪು, ಹುರುಳಿ, ಮೊಟ್ಟೆಗಳ ವಿಷಯವನ್ನೂ ಹೇಳಿದೆನಾದರೂ, ಕೊನೆಗೆ ಉಣ್ಣುವವಳಿಗೆ ಪೌಷ್ಟಿಕ ಆಹಾರದ ಪಟ್ಟಿ ಒಪ್ಪಿಸುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಅವಳ ಒಪ್ಪಿಗೆ ಪಡೆದು, ಹೊರಗೆ ಕುಳಿತಿದ್ದ ಅತ್ತೆಯನ್ನು ಕರೆದೆ. ತಪ್ಪು ನಿಮ್ಮದೆಂದು ಹೇಳಿದ್ದರೆ ಆ ಹಿರಿಯರು ಎದ್ದು ಹೋಗುತ್ತಿದ್ದರು. ಅವರ ಕಾಲದ ಹೆರಿಗೆಗಳ ಬಗ್ಗೆ ಕೇಳಿದೆ. ಬಾಣಂತಿಯರು ರಕ್ತಸ್ರಾವದಿಂದ ಸತ್ತದ್ದನ್ನು ಕಂಡವರಾಗಿದ್ದರು. ಹೆರಿಗೆಯಲ್ಲಿ ಯಾರಿಗಾದರೂ ಸ್ವಲ್ಪ ರಕ್ತ ಹೋಗುತ್ತದೆ, ರಕ್ತವೇ ಕಡಿಮೆಯಿರುವವಳು ಆ ನಷ್ಟವನ್ನು ತಾಳುವುದು ಕಷ್ಟ, ರಕ್ತಹೀನತೆಯಿದ್ದರೆ ಮಗು ದಿನ ತುಂಬುವ ಮೊದಲೇ ಅಥವಾ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯವೇ ಹೆಚ್ಚು ಎಂದಾಗ ಅವರು ಎದುರಾಡಲಿಲ್ಲ. ಮಾತ್ರೆ ಕೊಡುವ ಹೊಣೆಯನ್ನು ಅವರಿಗೇ ವಹಿಸಿದೆ. ಸೊಸೆಗೆ ತಮ್ಮ ಜೊತೆಯಲ್ಲೇ ಊಟಕ್ಕೆ ಬಡಿಸುವುದಾಗಿ ಅವರೇ ಹೇಳಿದರು.

ತಿಂಗಳ ನಂತರ ಹಿಮೋಗ್ಲೋಬಿನ್ 9.5ಕ್ಕೆ ಏರಿತ್ತು. ಒಂದು ಗ್ರಾಂ ಕೂಡ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳುಹಿಸಿ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಿಸುವ ಬಗ್ಗೆ ವೈದ್ಯರು ಯೋಚಿಸಿದ್ದರು. 11 ಮುಟ್ಟುವವರೆಗೆ ಎರಡು ಮಾತ್ರೆ, ಅನಂತರ ಒಂದು, ಹೆರಿಗೆಯಾದ ಮೇಲೂ 180 ದಿನ ಅದನ್ನು ಬಿಡಬಾರದು ಎಂದು ತಿಳಿಸಿ, ಮುಂದಿನ ಗರ್ಭಕ್ಕೆ ಕನಿಷ್ಠ ಎರಡು ವರ್ಷವಾದರೂ ಅಂತರವಿರುವ ಬಗ್ಗೆ ಮಾತನಾಡಲು ಮುಂದಿನ ಭೇಟಿಗೆ ಗಂಡನನ್ನೂ ಕರೆತರುವಂತೆ ಹೇಳಿದ್ದೇನೆ.