ಹಾಸ್ಟೆಲ್ ಸೇರುವ ಮುನ್ನ ಮೆನಿಂಜೈಟಿಸ್ ಲಸಿಕೆ

ಪ್ರಶ್ನೆ: 18 ವರ್ಷದ ನನ್ನ ಮಗಳಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಪದವಿಗೆ ಸೀಟು ಸಿಕ್ಕಿದೆ. ಮೆನಿಂಜೈಟಿಸ್ ಲಸಿಕೆಯ ಪ್ರಮಾಣಪತ್ರ ಕೇಳಿದ್ದಾರೆ. ಬಾಲ್ಯದ ಲಸಿಕೆಗಳೆಲ್ಲ ಆಗಿರುವಾಗ ಇದೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ಪೊರೆಯ ಉರಿಯೂತವೇ ಮೆನಿಂಜೈಟಿಸ್. ಮಗುವಾಗಿದ್ದಾಗ ಹಾಕಿಸಿರಬಹುದಾದ ಹಿಬ್ ಮತ್ತು ನ್ಯುಮೋಕಾಕಲ್ ಲಸಿಕೆಗಳು ಈ ಕಾಯಿಲೆ ತರುವ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆಯೇ ಹೊರತು ನಿಮ್ಮ ಮಗಳಿಗೆ ಕೇಳಿರುವ ಲಸಿಕೆ ತಡೆಯುವ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನಲ್ಲ. ಇದರ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಎಂಜಲು ಮತ್ತು ಕೆಮ್ಮಿನ ಹನಿಗಳ ಮೂಲಕ ದಾಟುವ ಈ ಬ್ಯಾಕ್ಟೀರಿಯಾಕ್ಕೆ, ಒಂದೇ ಕೋಣೆಯಲ್ಲಿ ಮಲಗಿ ಒಂದೇ ಲೋಟ ಹಂಚಿಕೊಳ್ಳುವ ಹಾಸ್ಟೆಲ್ ಜೀವನ ಹೇಳಿ ಮಾಡಿಸಿದಂತಿರುತ್ತದೆ. 2008ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬರು ಈ ಸೋಂಕಿನಿಂದ ಬದುಕುಳಿದರಾದರೂ ಮೊಣಕಾಲಿನ ಕೆಳಗೆ ಎರಡೂ ಕಾಲುಗಳನ್ನೂ ಬೆರಳುಗಳನ್ನೂ ಕಳೆದುಕೊಂಡರು. ಟೆಕ್ಸಾಸ್‌ನ ಕಾನೂನಿಗೆ ಅವರ ಕುಟುಂಬದ ಹೋರಾಟವೇ ನಾಂದಿಯಾಯಿತು. ಅದರಂತೆ 22 ವರ್ಷದೊಳಗಿನ ಹೊಸ ವಿದ್ಯಾರ್ಥಿಗಳು, ವಿನಾಯಿತಿ ಪಡೆದವರನ್ನು ಬಿಟ್ಟು, ಹಿಂದಿನ 5 ವರ್ಷಗಳೊಳಗೆ ಮತ್ತು ತರಗತಿ ಆರಂಭಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಪಡೆದಿರಬೇಕು.

ಮೆನಿಂಗೊಕಾಕಸ್‌ನ ಎ, ಸಿ, ಡಬ್ಲ್ಯು, ವೈ ಎಂಬ 4 ಗುಂಪುಗಳ ವಿರುದ್ಧದ ಈ ಲಸಿಕೆ ನಮ್ಮಲ್ಲೂ ಸಿಗುತ್ತದೆ. ಎಲ್ಲ ಕಡೆ ದಾಸ್ತಾನು ಇರುವುದಿಲ್ಲವಾದ್ದರಿಂದ ವೀಸಾ ಕೈಸೇರಲೆಂದು ಕಾಯಬೇಡಿ. ಬಿ ಗುಂಪಿಗೆ ಪ್ರತ್ಯೇಕ ಲಸಿಕೆಯಿದ್ದು, ಅದನ್ನು ವೈದ್ಯರೊಡನೆ ಚರ್ಚಿಸಿ. ಲಸಿಕೆಯ ನಂತರವೂ ಹಠಾತ್ ಜ್ವರ, ತೀವ್ರ ತಲೆನೋವು, ಕತ್ತು ಬಗ್ಗಿಸಲಾಗದ ಬಿಗಿತ ಅಥವಾ ಗಾಜಿನ ಲೋಟದಿಂದ ಒತ್ತಿದರೂ ಮಾಸದ ನೇರಳೆ ಕಲೆಗಳು ಕಂಡರೆ, ಬೆಳಗಾಗಲೆಂದು ಮಲಗದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗುವಂತೆ ಮಗಳಿಗೆ ತಿಳಿಸಿ.