ಆ ಜಾಹೀರಾತು ನಮ್ಮದೇ ಪುಟದ್ದು

(ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ‘ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಕೊಂಡ ಕ್ರೀಮನ್ನು ಮಗಳು ಬೆಳ್ಳಗಾಗಲು ಎರಡು ತಿಂಗಳು ಹಚ್ಚಿದಳು. ಬಿಟ್ಟ ವಾರಕ್ಕೇ ಮುಖವೆಲ್ಲ ಕೆಂಪು, ಉರಿ. ನಾದಿನಿ ತೂಕ ಇಳಿಸುವ ಪುಡಿ ಕುಡಿಯುತ್ತಾಳೆ; ಅದರ ಜಾಹೀರಾತು ನೋಡಿದ್ದು ನಿಮ್ಮ ಪತ್ರಿಕೆಯಲ್ಲೇ. ಸರ್ಕಾರ ರೇಡ್ ಮಾಡಿದರೂ ಮರುದಿನ ಮಾಲು ಹಾಜರ್. ಯಾಕೆ?’)

ಅಕ್ಕಾ, ಮೊದಲು ನಮ್ಮ ತಪ್ಪು. ‘ತಿಂಗಳಿಗೆ 8 ಕಿಲೋ ಗ್ಯಾರಂಟಿ’ ಅನ್ನೋ ಆ ಕಾಲು ಪುಟ ನಮ್ಮದೇ. ದುಡ್ಡು ಬಂತು, ಹಾಕಿದೆವು. ನಿಮ್ಮ ಪತ್ರ ಬಂದ ಮೇಲೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ತೆಗೆದು ನೋಡಿದೆ. ಔಷಧಿಯಿಂದ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಬೊಜ್ಜೂ ಇದೆ. ಮಾರುವವನು ಮಾತ್ರ ಅಲ್ಲ, ಅದನ್ನು ಪ್ರಕಟಿಸುವುದರಲ್ಲಿ ಕೈ ಸೇರಿಸಿದವರೂ ಸಿಕ್ಕಿಬೀಳುತ್ತಾರೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು. ಓದಿ ಒಂದು ಲೋಟ ನೀರು ಕುಡಿದೆ.

ನೀವು ಕಳಿಸಿದ ಡಬ್ಬಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಮುಂದೆ ಎಲೆ, ಹೂವು, ‘ಹರ್ಬಲ್’. ಹಿಂದೆ ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಎಕ್ಸ್‌ಪೈರಿ ಇರಬೇಕಾದ ಜಾಗದಲ್ಲಿ ಬೆಲೆಯ ಸ್ಟಿಕ್ಕರ್! ಬಿಟ್ಟ ಕೂಡಲೇ ಉರಿ ಅಂದರೆ ಸ್ಟೀರಾಯ್ಡ್ ಇರಬಹುದು ಅನ್ನೋದು ನನ್ನ ಅನುಮಾನ. ನಾನು ಡಾಕ್ಟರಲ್ಲ, ಡಬ್ಬಿ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ. ಪಾದರಸವೂ ಇರಬಹುದು, ಕಿಡ್ನಿ ಪರೀಕ್ಷೆ ಬೇಕಾ ಅಂತಲೂ ಕೇಳಿ. ಪಾದರಸ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ತಡೆಯುತ್ತದೆ, ಮುಖ ಬೆಳ್ಳಗಾಗುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ, ಮೈಯೊಳಕ್ಕೆ ಇಳಿಯುತ್ತದೆ. ನಮ್ಮದೇ ಮಹಾರಾಷ್ಟ್ರದ ಅಕೋಲಾದಲ್ಲಿ ಒಂದೇ ಮನೆಯ ಮೂವರಿಗೆ ಕಿಡ್ನಿ ತೊಂದರೆಯಾಗಿ, ಅವರು ಹಚ್ಚುತ್ತಿದ್ದ ಕ್ರೀಮಿನಲ್ಲಿ ಪಾದರಸ ಸಿಕ್ಕಿದ್ದು ಮುಂಬಯಿಯ ಕೆಇಎಂ ಆಸ್ಪತ್ರೆಯವರು ಪರೀಕ್ಷೆ ಮಾಡಿಸಿದಾಗ.

ನಾದಿನಿಗೆ ಪುಡಿ ಇವತ್ತೇ ನಿಲ್ಲಿಸಲು ಹೇಳಿ, ಬಿಪಿ ನೋಡಿಸಿ. ಇಂಥ ‘ಗಿಡಮೂಲಿಕೆ’ ಪುಡಿಗಳಲ್ಲಿ ಸಿಬುಟ್ರಮಿನ್ ಬೆರೆಸಿದ್ದು ಜಗತ್ತಿನ ಎಷ್ಟೋ ಕಡೆ ಸಿಕ್ಕಿದೆ. ಹಸಿವು ಸಾಯಿಸುವ ಮಾತ್ರೆ ಅದು. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಜಾಸ್ತಿಯಾಗುತ್ತದೆ ಅಂತ ನಮ್ಮಲ್ಲಿ 2011ರಲ್ಲೇ ನಿಷೇಧಿಸಿದರು.

ಇನ್ನು ರೇಡಿನ ಮಾತು. ಇನ್ಸ್‌ಪೆಕ್ಟರ್ ಡಬ್ಬಿ ಕಂಡ ಮಾತ್ರಕ್ಕೆ ಕೇಸು ಗಟ್ಟಿಯಾಗುವುದಿಲ್ಲ. ಸ್ಯಾಂಪಲ್ ತೆಗೆಯಬೇಕು, ಭಾಗ ಮಾಡಿ ಸೀಲ್ ಹಾಕಬೇಕು, ಸರ್ಕಾರಿ ಲ್ಯಾಬಿನ ವರದಿಗೆ ಕಾಯಬೇಕು. ಅಷ್ಟರಲ್ಲಿ ಅದೇ ಮಾಲು ಬೇರೆ ಹೆಸರಲ್ಲಿ ಬಂದಿರುತ್ತದೆ. ಟ್ರೇನಿನಲ್ಲಿ ಮಾರುವವಳಿಗಂತೂ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಇಳಿದರೆ ಮುಗೀತು. ಅವಳನ್ನು ಹಿಡಿದು ಏನು ಬಂತು, ಡಬ್ಬಿ ತುಂಬಿಸಿದವನು ಬೇರೆ ಎಲ್ಲೋ ಇದ್ದಾನೆ ಅಲ್ವಾ?

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ 26ನೇ ಕಲಮಿನ ಪ್ರಕಾರ ಕೊಂಡವರೇ ಫೀ ಕಟ್ಟಿ, ತಾವು ಕೊಂಡ ಮಾಲನ್ನು ಸರ್ಕಾರಿ ಅನಾಲಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ, ಸಹಿ ಹಾಕಿದ ವರದಿ ಪಡೆಯಬಹುದು. ಹಾಗಾಗಿ ಡಬ್ಬಿ, ಪುಡಿ ಎರಡನ್ನೂ ಎಸೆಯಬೇಡಿ. ಮಹಾರಾಷ್ಟ್ರದ ಎಫ್‌ಡಿಎ, ಅಂದರೆ ಆಹಾರ ಮತ್ತು ಔಷಧ ಇಲಾಖೆಯ ದೂರಿನ ನಂಬರ್ 1800 222 365.

ಪುಡಿಯವರು ಮೊನ್ನೆ ಮತ್ತೆ ಫೋನ್ ಮಾಡಿದ್ದರು, ಮೂರು ತಿಂಗಳದ್ದು ಒಟ್ಟಿಗೆ ಬುಕ್ ಮಾಡಲು. ಲೈಸೆನ್ಸ್ ನಂಬರ್ ಕೇಳಿದೆ. ‘ಸುಮ್ನೆ ಯಾಕೆ ಸಾರ್ ಅದೆಲ್ಲ’ ಅಂದರು. ಆಗಲ್ಲ ಅಂದೆ. ‘ಬೇರೆಯವರು ಹಾಕ್ತಾರೆ ಬಿಡಿ’ ಅಂತ ಫೋನಿಟ್ಟರು.

– ಸಂಪಾದಕ